ಕಾಲೋನಿ ಬೇಡ, ನೆರೆಮನೆ ಬೇಕು

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾದ ವಿಚಾರಗೋಷ್ಠಿಯಲ್ಲಿ ವಿಗಾರರು ಮಾಡಿದ ಭಾಷಣದ ಲಿಖಿತ ರೂಪ)



‘ನಗರ ವಸತಿ, ನೆರೆಹೊರೆಯ ಪುನರುಜ್ಜೀವನ ಮತ್ತು ಸಾಮಾಜಿಕ ಐಕ್ಯ’ ಎಂಬ ವಿಷಯವನ್ನು ಸಂಘಟಕರು ನಮಗೆ ವಹಿಸಿದ್ದಾರೆ. ಹೆಸರು ಒಂದು ಮುಡಿ ಅಕ್ಕಿಯಷ್ಟು ಭಾರವಾಗಿದೆ. ಆದುದರಿಂದ ಆ ಮುಡಿಯನ್ನು ಇಲ್ಲಿಯೇ ಬಿಚ್ಚಿ, ನಮ್ಮ ಇಂದಿನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಅಳೆದುಕೊಳ್ಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ಇಂದಿನ ಕೆಲಸವೆಂದರೆ ಇದು. ಶತಮಾನೋತ್ಸವದ ಸ್ಮಾರಕವಾಗಿ ಇಗರ್ಜಿಯ ಹಿಂದಿನ ಗುಡ್ಡೆಯಲ್ಲಿ ಹತ್ತು ಮನೆಗಳ ಕಾಲೋನಿಯೊಂದನ್ನು ಕಟ್ಟಿಸಿ, ನಮ್ಮ ಧರ್ಮಕೇಂದ್ರದ ಬಡ ಕುಟುಂಬಗಳಿಗೆ ಹಂಚಬೇಕೆಂಬ ಸಲಹೆಯು ಪಾಲನಾ ಮಂಡಳಿಯ ಮುಂದಿದೆ. ಸಲಹೆ ಮಾಡಿದವರ ಸದುದ್ದೇಶದಲ್ಲಿ ನಮಗೆ ಕಿಂಚಿತ್ತೂ ಸಂಶಯವಿಲ್ಲ. ಕಮಾನು, ಗಂಟೆಗೋಪುರ, ಹವಾನಿಯಂತ್ರಿತ ಸಭಾಭವನ ಇತ್ಯಾದಿ ಸ್ಮಾರಕಗಳ ನಡುವೆ ಬಡವರ ಸೂರನ್ನು ನೆನೆದವರ ಹೃದಯ ದೊಡ್ಡದು. ಹಣವನ್ನು ಬಡವರ ವಸತಿಗೇ ವಿನಿಯೋಗಿಸಬೇಕೆಂಬುದರಲ್ಲಿ ನಮ್ಮದೂ ಅದೇ ಅಭಿಪ್ರಾಯ. ಆದರೆ ಕಾಲೋನಿ ಕಟ್ಟಬಾರದು ಎಂಬುದು ನಮ್ಮ ನಿಲುವು. ಅದೇಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ತಮ್ಮ ಮುಂದಿಡುತ್ತೇವೆ.

ಮೊದಲಿಗೆ ಆ ಮಾತನ್ನೇ ನೋಡೋಣ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕಾಲೋನಿ ಎಂದರೆ ಬ್ಯಾಂಕಿನವರದೋ ರೈಲ್ವೆಯವರದೋ ಅಚ್ಚುಕಟ್ಟಾದ ಮನೆಗಳ ಸಾಲು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂದಿದೆ. ಪರಿಶಿಷ್ಟರಿಗೆ, ನಿವೇಶನರಹಿತರಿಗೆ ಗುಡ್ಡೆಯ ನೆತ್ತಿಯಲ್ಲಿ ಐದೈದು ಸೆಂಟ್ಸಿನಂತೆ ಹಂಚಿಕೊಟ್ಟ ಜಾಗಕ್ಕೆ ಇಲ್ಲಿ ಕಾಲೋನಿ ಎಂದು ಹೆಸರಾಯಿತು. ಕೊಟ್ಟದ್ದು ಒಳ್ಳೆಯದಕ್ಕೇ. ಆದರೆ ಆ ಹೆಸರು ಗೋಡೆಗಿಂತ ಮೊದಲು ಮನುಷ್ಯನಿಗೆ ಅಂಟಿಕೊಂಡಿತು. ‘ಎಲ್ಲಿಯವನು?’ ಎಂದು ಕೇಳಿದರೆ ‘ಕಾಲೋನಿಯವನು’ ಎಂದು ಉತ್ತರ. ಮುಂದೆ ಜಾತಿಯನ್ನು ಕೇಳುವ ಅಗತ್ಯವಿಲ್ಲ. ಕೆಲಸ ಕೇಳಲು ಹೋದಾಗ, ಹೆಣ್ಣು ನೋಡಲು ಹೋದಾಗ, ಶಾಲೆಯಲ್ಲಿ ಮಗುವನ್ನು ಬೆಂಚಿನಲ್ಲಿ ಕೂರಿಸುವಾಗ ಆ ಒಂದು ಮಾತು ಮುಂದೆ ಮುಂದೆ ನಡೆಯುತ್ತದೆ. ಹತ್ತು ಕ್ರೈಸ್ತ ಕುಟುಂಬಗಳನ್ನು ಎತ್ತಿ ಗುಡ್ಡೆಯ ಮೇಲೆ ಒಟ್ಟಿಗಿಟ್ಟರೆ, ಐದು ವರ್ಷಗಳೊಳಗೆ ನಮ್ಮ ಯುವಕರ ಬಾಯಲ್ಲಿಯೇ ಅವರು ‘ಇಗರ್ಜಿ ಕಾಲೋನಿಯವರು’ ಆಗುತ್ತಾರೆ. ನಾವು ಕೊಟ್ಟ ದಾನದ ಗುರುತು ಅವರ ಮಕ್ಕಳ ಹಣೆಯ ಮೇಲೆ ಉಳಿಯುತ್ತದೆ.

ಇಲ್ಲಿ ಕುಳಿತಿರುವ ನಮ್ಮ ಮನೆಗಳ ಚರಿತ್ರೆಯನ್ನೂ ಒಮ್ಮೆ ಸ್ಮರಿಸುವುದು ಉಚಿತ. ನಮ್ಮ ಪೂರ್ವಜರು ಈ ನಾಡಿನವರಲ್ಲ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಕ್ಷಾಮ, ಯುದ್ಧ, ತೆರಿಗೆ, ಧರ್ಮವಿಚಾರಣೆಗಳ ಕಾಟದಿಂದ ಗೋವೆಯನ್ನು ಬಿಟ್ಟು ತಂಡತಂಡವಾಗಿ ಬಂದವರು. ಬೇಸಾಯ ಬಲ್ಲವರೆಂಬ ಕಾರಣಕ್ಕೆ ಕೆಳದಿಯ ಅರಸರ ಆಳ್ವಿಕೆಯಲ್ಲಿ ಇಲ್ಲಿ ನೆಲೆ ದೊರೆಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು; 1799ರಲ್ಲಿ ಅವನ ಪತನದ ನಂತರ ಬದುಕುಳಿದು ಮರಳಿದವರಲ್ಲಿ ಅನೇಕರಿಗೆ ತಮ್ಮ ಮನೆಯಂಗಳದಲ್ಲಿ ಬೇರೆಯವರ ಒಲೆಯ ಹೊಗೆ ಕಾಣಿಸಿತು. ಹೀಗೆ ಒಮ್ಮೆಯಲ್ಲ, ಎರಡು ಬಾರಿ ಮನೆ ಕಳೆದುಕೊಂಡವರ ಮಕ್ಕಳು ನಾವು.

ಮುಂದಿನ ಸಂಗತಿ ಇನ್ನೂ ಹತ್ತಿರದ್ದು. ನಮ್ಮಲ್ಲಿ ಹೆಚ್ಚಿನ ಕುಟುಂಬಗಳು ಗೇಣಿಯ ಒಕ್ಕಲುಗಳು. ದೇವರಾಜ ಅರಸರ ಸರಕಾರದ ಭೂಸುಧಾರಣೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಅಂದಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಆ ಕಾಯಿದೆ ಪರಿಣಾಮಕಾರಿಯಾದಷ್ಟು ರಾಜ್ಯದ ಇತರ ಕಡೆಗಳಲ್ಲಿ ಆದುದು ವಿರಳ. ಇಂದು ನಾವು ‘ಹಿರಿಯರ ಆಸ್ತಿ’ ಎನ್ನುವ ಎಷ್ಟೋ ಮನೆ, ತೋಟಗಳು ಹಿರಿಯರಿಗೆ ಬಂದದ್ದು ಶಾಸನದ ಕೃಪೆಯಿಂದ. ಅದೇ ಕಾಯಿದೆಯ 38ನೆಯ ವಿಧಿಯು ಇನ್ನೊಬ್ಬರ ಜಮೀನಿನ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕನಿಗೂ ಅವನ ವಾಸದ ಮನೆ ಮತ್ತು ಅದರ ಅಡಿಯ ಸ್ಥಳದ ಹಕ್ಕನ್ನು ಕೊಟ್ಟಿತು. ಗೇಣಿದಾರನು ಓದು ಬಲ್ಲವರ ನೆರವಿನಿಂದ ಅರ್ಜಿ ಹಾಕಿದನು. ಮೂಲೆಯ ಗುಡಿಸಲಿನವನಿಗೆ ಅರ್ಜಿ ಬರೆದುಕೊಡುವವರು ಎಲ್ಲ ಕಡೆಗಳಲ್ಲಿಯೂ ಸಿಕ್ಕಲಿಲ್ಲ. ಆ ಮೂಲೆಯವರ ಮೊಮ್ಮಕ್ಕಳೇ ಇಂದು ನಾವು ಕಾಲೋನಿಗೆಂದು ಪಟ್ಟಿ ಮಾಡುತ್ತಿರುವ ಹೆಸರುಗಳಲ್ಲಿ ಹಲವರು.

ಇನ್ನು ನಗರದ ಕಡೆಗೆ ಬರೋಣ. ನಮ್ಮ ಸುತ್ತಲಿನ ಪೇಟೆಗಳು ಬೆಳೆದ ಬಗೆ ಒಂದೊಂದೂ ಬೇರೆ. ಉಡುಪಿಯು ರಥಬೀದಿಯ ಸುತ್ತ ಬೆಳೆದ ಊರು. ಮಠ, ದೇವಾಲಯ, ಅಂಗಡಿ, ಹೋಟೆಲು. ಕಾರ್ಕಳವು ಕೆರೆ, ಬಸದಿ, ದೇವಾಲಯಗಳ ನಡುವಿನ ಹಳೆಯ ಪೇಟೆ. ಕಪ್ಪು ಕಲ್ಲು ಕಡಿಯುವವರ, ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಊರು. ಕಾಪು ಮೀನುಗಾರರ ಕಡಲತೀರ. 1901ರಿಂದ ದೀಪಸ್ತಂಭ ಅಲ್ಲಿ ಬೆಳಗುತ್ತಿದೆ. ಪಟ್ಟಣವೆನಿಸಿಕೊಂಡು ಪುರಸಭೆ ಪಡೆದದ್ದು ಮಾತ್ರ ಈಚೆಗೆ. ಮಣಿಪಾಲವೋ, ಹುಲ್ಲೂ ಸರಿಯಾಗಿ ಬೆಳೆಯದ ಮುರಕಲ್ಲಿನ ಗುಡ್ಡೆ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1964ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯೂ ಗುಡ್ಡೆ ಹತ್ತಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನಕ್ಕೆರಡಾಣೆ ಪಿಗ್ಮಿ ಕಟ್ಟಿ ಹೆಂಚಿನ ಮನೆ ಕಟ್ಟಿಸಿದ ಅಜ್ಜಿಯರ ನೆನಪು ಇನ್ನೂ ವಿಲೀನವಾಗಿಲ್ಲ.

ಹೆಂಚಿನ ಮಾತು ಬಂದುದರಿಂದ ಒಂದು ವಿಷಯ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ಮೊದಲು ಇಲ್ಲಿಯ ಹೆಚ್ಚಿನ ಸೂರುಗಳು ಮುಳಿಹುಲ್ಲಿನವು, ಸೋಗೆಯವು. ಹುಲ್ಲಿನಿಂದ ಹೆಂಚಿಗೆ, ಹೆಂಚಿನಿಂದ ಕಾಂಕ್ರೀಟಿಗೆ ಬರುವಷ್ಟರಲ್ಲಿ ಮನೆ ಎಂದರೆ ಮಾಡು ಮತ್ತು ಗೋಡೆ ಎಂಬ ಭಾವನೆ ನಮ್ಮಲ್ಲಿ ಬಲವಾಯಿತು. ಸಂಶೋಧಕರ ಮಾತು ಹಾಗಿಲ್ಲ. ಮನೆಯ ಬೆಲೆ ಅರ್ಧಕ್ಕರ್ಧ ಅದರ ಹೊರಗಿದೆ: ದಾರಿ, ನೀರು, ಶೌಚ, ಚರಂಡಿ, ಶಾಲೆಗಿರುವ ದೂರ, ಸಾಲ ಕೊಡುವ ಅಂಗಡಿ, ಹೆರಿಗೆನೋವು ಬಂದ ರಾತ್ರಿ ಬಾಗಿಲು ತಟ್ಟಬಹುದಾದ ಪಕ್ಕದ ಮನೆ.

ಇದಕ್ಕೆ ಉಡುಪಿಯೇ ಸಾಕ್ಷಿ. ಹಿಂದೆ ಪೇಟೆಯ ಮನೆಗಳ ಹಿತ್ತಿಲಿಗೊಂದು ಓಣಿ. ಆ ಓಣಿಯಲ್ಲಿ ತಲೆಯ ಮೇಲೆ ಮಲದ ಡಬ್ಬಿ ಹೊತ್ತು ನಡೆಯುವ ಮನುಷ್ಯರು. 1968ರಲ್ಲಿ ಪುರಸಭೆಯ ಅಧ್ಯಕ್ಷರಾದ ಯುವ ವೈದ್ಯ ಡಾ. ವಿ. ಎಸ್. ಆಚಾರ್ಯರ ಕಾಲದಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ದೇಶದಲ್ಲಿಯೇ ಮೊದಲ ಬಾರಿ ಎಂದು ಉಡುಪಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದುದೇ. ಒಂದು ಗೋಡೆಯನ್ನೂ ಕೆಡವದೆ, ಒಬ್ಬರನ್ನೂ ಒಕ್ಕಲೆಬ್ಬಿಸದೆ ಇಡೀ ಪೇಟೆ ಹೊಸದಾಯಿತು. ನೆರೆಹೊರೆಯ ಪುನರುಜ್ಜೀವನ ಎಂಬ ದೊಡ್ಡ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಪರದೇಶದ ಪುಸ್ತಕಗಳಲ್ಲಿ ಹುಡುಕಬೇಕಾಗಿಲ್ಲ.

ಅಂದು ಗಳಿಸಿದ್ದನ್ನು ಇನ್ನೊಂದು ಕಡೆಯಿಂದ ಕಳೆದುಕೊಂಡದ್ದೂ ಉಂಟು. ಬೈಲಿನ ಗದ್ದೆಗಳಿಗೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದೆವು. ಇಂದ್ರಾಣಿ ತೋಡಿಗೆ ಕೊಳಚೆ ಬಿಟ್ಟೆವು. 2020ರ ಸೆಪ್ಟೆಂಬರ್ 20ರಂದು ಕಲ್ಸಂಕ, ಬೈಲಕೆರೆ, ಮಠದಬೆಟ್ಟುಗಳಲ್ಲಿ ನೀರು ಮನೆಯೊಳಗೆ ಬಂದಾಗ ಅದು ಅಂತಸ್ತು ಕೇಳಲಿಲ್ಲ. ಆದರೆ ನೀರಿಳಿದ ಮೇಲೆ ಅಂತಸ್ತು ಎದ್ದು ಕಂಡಿತು: ಒಬ್ಬರಿಗೆ ಹಾಳಾದದ್ದು ಸೋಫಾ, ಇನ್ನೊಬ್ಬರಿಗೆ ಹಾಳಾದದ್ದು ಪಡಿತರ ಚೀಟಿ.

ಈಗ ಕೆಲವು ಅಂಕೆಗಳು. ತಾವು ಬೇಸರಿಸಬಾರದು, ಅಂಕೆಗಳಿಲ್ಲದೆ ಈ ಮಾತಿಗೆ ಬುಡ ನಿಲ್ಲುವುದಿಲ್ಲ. ಪ್ರೊ. ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಜ್ಞರ ತಂಡವು 2012ರಲ್ಲಿ ಲೆಕ್ಕ ಹಾಕಿದಂತೆ ನಮ್ಮ ದೇಶದ ನಗರಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆಯಿತ್ತು. ಇದರಲ್ಲಿ ಬೀದಿಯಲ್ಲಿ ಮಲಗುವವರ ಪಾಲು ಸುಮಾರು 5 ಲಕ್ಷ ಮಾತ್ರ; ಸುಮಾರು 1 ಕೋಟಿ 50 ಲಕ್ಷವು ಇಕ್ಕಟ್ಟಿನದು, ಅಂದರೆ ಒಂದು ಕೋಣೆಯಲ್ಲಿ ಅತ್ತೆ, ಮಾವ, ಮಗ, ಸೊಸೆ, ಮಕ್ಕಳು ಎಲ್ಲರೂ. ಕೊರತೆಯ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಬಡವರದು ಮತ್ತು ಅಲ್ಪಾದಾಯದವರದು. ಅದೇ ಹೊತ್ತಿಗೆ, 2011ರ ಜನಗಣತಿಯಂತೆ, ನಗರಗಳಲ್ಲಿ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿದ್ದವು. ಹಸಿದವನೂ ಇದ್ದಾನೆ, ಅನ್ನವೂ ಹಳಸುತ್ತಿದೆ.

ನಮ್ಮ ಜಿಲ್ಲೆಯ ಚಿತ್ರ ಇನ್ನೂ ವಿಚಿತ್ರ. 2011ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,77,361. ಹತ್ತು ವರ್ಷಗಳಲ್ಲಿ ಆದ ಹೆಚ್ಚಳ ನೂರಕ್ಕೆ ಆರನ್ನೂ ಮುಟ್ಟಲಿಲ್ಲ. ರಾಜ್ಯದಲ್ಲಿ ಅದು ಹದಿನೈದನ್ನು ಮೀರಿತ್ತು. ಸಾವಿರ ಗಂಡಸರಿಗೆ 1,094 ಹೆಂಗಸರು. ಗಂಡಸರು ಎಲ್ಲಿ ಹೋದರೆಂದು ಮುಂಬಯಿಯನ್ನೂ ದುಬಾಯಿಯನ್ನೂ ಬಲ್ಲ ತಮಗೆ ಹೇಳಬೇಕಾಗಿಲ್ಲ. ಜನರ ಸಂಖ್ಯೆ ನಿಧಾನವಾಗಿ ಏರಿದ ಈ ನೆಲದಲ್ಲಿ ಮನೆಗಳು ಮಾತ್ರ ಅಣಬೆಗಳಂತೆ ಎದ್ದವು. ನಮ್ಮ ವಾಳೆಗಳಲ್ಲಿ ಮನೆಮನೆ ಭೇಟಿಗೆ ಹೋದಾಗ ನಾವು ನೋಡುವ ದೃಶ್ಯ ತಮಗೂ ಹೊಸದಲ್ಲ: ಮೂರು ಕೋಣೆ, ಎರಡು ಬಚ್ಚಲು, ಗ್ರಾನೈಟಿನ ನೆಲ, ಅಂಗಳಕ್ಕೆ ಇಂಟರ್‌ಲಾಕು, ಆಳೆತ್ತರದ ಪಾಗಾರ, ಒಳಗೆ ಎಂಬತ್ತು ವರ್ಷದ ತಾಯಿ, ಒಂದು ನಾಯಿ, ಒಂದು ಸಿಸಿಟಿವಿ. ಅದರಾಚೆಗೆ ಬೀಗ ಹಾಕಿದ ಮನೆಗಳು. ವರ್ಷಕ್ಕೊಮ್ಮೆ ಕೆನಡಾದಿಂದಲೋ ಕುವೈತಿನಿಂದಲೋ ಮಗ ಬಂದು ಹೆಂಚಿನ ಸಂದಿಯ ಗಿಡ ಕಿತ್ತು ಹೋಗುತ್ತಾನೆ.

ಇದೇ ಪೇಟೆಗೆ ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಬಂದವರಿದ್ದಾರೆ. ನಮ್ಮ ಮನೆಗಳ ಪಾಯ ತೋಡಿದವರು, ಕಾಂಕ್ರೀಟು ಹೊತ್ತವರು, ಮಲ್ಪೆಯ ಬಂದರಿನಲ್ಲಿ ಬುಟ್ಟಿ ಹೊರುವವರು ಅವರು. ಮಣಿಪಾಲದ ಎತ್ತರದ ಕಟ್ಟಡಗಳ ಬುಡದಲ್ಲಿ, ಬೀಡಿನಗುಡ್ಡೆಯಂಥ ಕಡೆಗಳಲ್ಲಿ ತಗಡು ಮತ್ತು ನೀಲಿ ಟಾರ್ಪಾಲಿನ ಅವರ ಬಿಡಾರಗಳನ್ನು ನಾವೆಲ್ಲ ಕಂಡವರೇ. ಕಟ್ಟಡ ಕಾರ್ಮಿಕರಿಗೆ ಕೆಲಸದ ಅವಧಿಯಲ್ಲಿ ಉಚಿತ ವಸತಿ ಒದಗಿಸಬೇಕೆಂದು 1996ರ ಕೇಂದ್ರ ಕಾಯಿದೆಯೇ ಮಾಲಿಕರಿಗೆ ವಿಧಿಸಿತ್ತು; ಆ ವಸತಿ ಹೆಚ್ಚಿನ ಕಡೆ ಈ ನೀಲಿ ಟಾರ್ಪಾಲೇ ಆಯಿತು. 2020ರ ಮಾರ್ಚಿನಲ್ಲಿ ದಿಗ್ಬಂಧನ ಘೋಷಣೆಯಾದಾಗ ಈ ಊರಿಗೆ ಇಷ್ಟು ಜನ ಪರಸ್ಥಳದವರು ದುಡಿಯುತ್ತಿದ್ದರೆಂಬುದು ಹಲವರಿಗೆ ಮೊದಲ ಬಾರಿ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಇಲ್ಲಿ ದುಡಿದರೂ ಅವರ ಮನೆಗೆ ಡೋರ್ ನಂಬ್ರವಿಲ್ಲ. ನಂಬ್ರವಿಲ್ಲದಲ್ಲಿ ಪಡಿತರ ಚೀಟಿ ಊರಿನ ವಿಳಾಸದಲ್ಲಿ, ಮತ ಊರಿನಲ್ಲಿ, ನಳ್ಳಿನೀರಿಗೆ ಅರ್ಜಿಯಿಲ್ಲ, ವಿದ್ಯುತ್ತು ಪಕ್ಕದವರ ದಯೆಯಿಂದ. ಬಿಡಾರವು ಮನೆಯಾಗುವುದು ಗೋಡೆ ಎದ್ದಾಗ ಅಲ್ಲ, ಆ ಪುಟ್ಟ ತಗಡಿನ ನಂಬ್ರ ಬಾಗಿಲಿಗೆ ಬಿದ್ದಾಗ.

ಅವರು ಬಾಡಿಗೆಗೆ ಮನೆ ಕೇಳಿಕೊಂಡು ಬಂದರೆ ಏನಾಗುತ್ತದೆ? ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಮೀನು ಮಾಂಸ ತಿನ್ನುವಿರಾ ಎಂದು ಒಂದು ಬೀದಿಯಲ್ಲಿ, ಯಾವ ಮತ ಎಂದು ಇನ್ನೊಂದು ಬೀದಿಯಲ್ಲಿ. ಒಬ್ಬಂಟಿ ಹೆಂಗಸಾದರೆ ಗಂಡ ಎಲ್ಲಿ ಎಂದು ಎಲ್ಲ ಬೀದಿಗಳಲ್ಲಿ. ಮಣಿಪಾಲದ ವಿದ್ಯಾರ್ಥಿಗೆ ಸಿಗುವ ಕೋಣೆ ಅದೇ ಆಸ್ಪತ್ರೆಯ ನೆಲ ಒರೆಸುವ ಹೆಣ್ಣುಮಗಳಿಗೆ ಸಿಗುವುದಿಲ್ಲ. ಹಣ ಕೊಡುತ್ತೇನೆಂದರೂ ಸಿಗುವುದಿಲ್ಲ. ಕ್ರೈಸ್ತರ ಮನೆಗಳೂ ಇದಕ್ಕೆ ಹೊರತಲ್ಲ.

ಬೀಗ ಹಾಕಿದವರ ಅಂಜಿಕೆಯನ್ನೂ ನಾವು ಬಲ್ಲೆವು. ‘ಒಳಗೆ ಬಿಟ್ಟರೆ ಹೋಯಿತು ಫಾದರ್, ನಾಳೆ ಡಿಕ್ಲರೇಶನ್ ಕೊಟ್ಟರೆ?’ ಎನ್ನುತ್ತಾರೆ. 1974ರಲ್ಲಿ ಪಡೆದುಕೊಂಡವರಿಗೇ ಕಳೆದುಕೊಳ್ಳುವ ಭಯ ಹೆಚ್ಚು! ಕೃಷಿ ಜಮೀನಿನ ಗೇಣಿಯ ಕಾಯಿದೆ ಬೇರೆ, ಪೇಟೆಯ ಮನೆಯ ಬಾಡಿಗೆ ಬೇರೆ. ಹನ್ನೊಂದು ತಿಂಗಳ ಲಿಖಿತ ಕರಾರು ಮಾಡಿಕೊಂಡು ಮುಂಗಡ ಪಡೆದು ಕೊಟ್ಟ ಮನೆಗೆ ಯಾರೂ ನಮೂನೆ 7 ಸಲ್ಲಿಸಲಾರರು. ಈ ಸಾಮಾನ್ಯ ತಿಳಿವಳಿಕೆಯನ್ನು ನಮ್ಮ ವಾಳೆಗಳಲ್ಲಿರುವ ವಕೀಲರು ಒಂದು ಭಾನುವಾರ ಹೇಳಿಕೊಟ್ಟರೆ ಹತ್ತು ಬೀಗಗಳಾದರೂ ತೆರೆದಾವು ಎಂದು ನಮ್ಮ ನಂಬಿಕೆ.

ಸರಕಾರದ ಪ್ರಯತ್ನಗಳನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. 1973ರ ಕೊಳಗೇರಿ ಕಾಯಿದೆ, 1991ರ ನಂತರದ ಆಶ್ರಯ ಯೋಜನೆ, 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ, 94ಸಿಸಿ ಎಂಬ ವಿಧಿಗಳಡಿ ಹಕ್ಕುಪತ್ರ. ಇವುಗಳಿಂದ ಉಪಕೃತರಾದವರು ನಮ್ಮ ನಡುವೆಯೇ ಇದ್ದಾರೆ. ಕಾರ್ಕಳದ ಕಡೆ ಡೀಮ್ಡ್ ಅರಣ್ಯವೆಂಬ ತೊಡಕು, ಕಾಪುವಿನ ಕಡಲಬದಿಯಲ್ಲಿ 1991ರಿಂದ ಬಂದ ಕರಾವಳಿ ನಿಯಂತ್ರಣ ವಲಯದ ತೊಡಕು. ತಲೆತಲಾಂತರದಿಂದ ಮರಳಿನ ಮೇಲೆ ಬಾಳಿದ ಮೊಗವೀರ ಕುಟುಂಬವೂ ಒಂದು ಕೋಣೆ ಹೆಚ್ಚಿಸಲು ಕಚೇರಿ ಕಚೇರಿ ಅಲೆಯಬೇಕು. ಮಣಿಪಾಲದ ಬಳಿ ಹೆರ್ಗದ ಸರಳೇಬೆಟ್ಟಿನಲ್ಲಿ ನಗರಸಭೆಯು ಬಹುಮಹಡಿಯ ವಸತಿ ಸಮುಚ್ಚಯವನ್ನು ಕೈಗೆತ್ತಿಕೊಂಡಿತು. ಜಾಗಕ್ಕೆ ಬಂಗಾರದ ಬೆಲೆಯಿರುವಲ್ಲಿ ಮೇಲಕ್ಕೆ ಕಟ್ಟದೆ ಉಪಾಯವಿಲ್ಲ ನಿಜ. ಆದರೆ ಮನೆ ಎಂಬುದು ಬಡವನಿಗೆ ಮಲಗುವ ಜಾಗ ಮಾತ್ರವಲ್ಲ, ದುಡಿಯುವ ಜಾಗವೂ ಹೌದು. ಬೀಡಿ ಕಟ್ಟುವ ಹೆಂಗಸಿಗೆ ಜಗಲಿಯೇ ಕಾರ್ಖಾನೆ. ಬಲೆ ಹೆಣೆಯುವವನಿಗೆ ಉದ್ದನೆಯ ಅಂಗಳ ಬೇಕು. ಆವಾಸ್ ಯೋಜನೆಯು ಕಡುಬಡವರ ಮನೆಗೆ ನಿಗದಿಪಡಿಸಿದ 30 ಚದರ ಮೀಟರಿನಲ್ಲಿ, ಮೂರನೆಯ ಅಂತಸ್ತಿನಲ್ಲಿ, ಎರಡು ಕೋಳಿ ಸಾಕುವುದೂ ಸಾಧ್ಯವಿಲ್ಲ.

ಕೊರಗ ಬಾಂಧವರ ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಈ ನಾಡಿನ ಮೂಲನಿವಾಸಿಗಳಾದ ಅವರು ಊರ ಹೊರಗೆ ಕೊಪ್ಪಗಳಲ್ಲಿ ವಾಸಿಸಿದವರು. ಬುಟ್ಟಿ ಹೆಣೆದು ಊರಿಗೆಲ್ಲ ಕೊಟ್ಟವರು. ಪೇಟೆಯ ಪೌರಕಾರ್ಮಿಕರಾಗಿ ನಮ್ಮ ಬೀದಿ ಗುಡಿಸಿದವರು. ಅವರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯವು ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಅವರ ಸ್ಥಿತಿಗತಿಯನ್ನು 1990ರ ದಶಕದಲ್ಲಿ ಅಭ್ಯಸಿಸಿದ ಡಾ. ಮಹಮ್ಮದ್ ಪೀರ್ ಅವರ ವರದಿಯು ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಗಮನಿಸಿ, ವರದಿಯ ಮುಖ್ಯ ಬೇಡಿಕೆ ಮನೆಯಲ್ಲ, ಭೂಮಿ. ಕೊರಗರ ಸಂಘಟನೆಗಳು ವರ್ಷ ವರ್ಷವೂ ಆಗಸ್ಟ್ 18ರಂದು ಭೂಮಿಹಬ್ಬ ಆಚರಿಸುತ್ತ ಆ ಮಾತನ್ನು ನೆನಪಿಸುತ್ತ ಬಂದಿವೆ. ಬುಟ್ಟಿಗೆ ಬೇಕಾದ ಬಿಳಲು ಸಿಕ್ಕುವ ಹಾಡಿಯಿಂದ ದೂರ ಕಟ್ಟಿಕೊಟ್ಟ ತಾರಸಿ ಮನೆಯು, ಎಷ್ಟೇ ಗಟ್ಟಿಯಾಗಿದ್ದರೂ, ಅವರ ಕಸುಬಿನ ಬಾಯಿಗೆ ಹಾಕಿದ ಬೀಗ.

ಇಲ್ಲಿ ಒಂದು ಮಾತು. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಂಬಕಂಬವಾಗಿ ಬಿಚ್ಚಿ ತಂದು ಮರಳಿ ನಿಲ್ಲಿಸಿದ ಪಾರಂಪರಿಕ ಗ್ರಾಮವಿದೆ. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆಗಳ ಮರದ ಕೆತ್ತನೆಯ ಮುಂದೆ ನಿಂತರೆ ಮಾತು ಹೊರಡದು. ಒಬ್ಬ ವ್ಯಕ್ತಿಯ ಹಟದಿಂದ ಇಷ್ಟು ಉಳಿಯಿತು. ಆದರೂ ಆ ಅಂಗಳದಲ್ಲಿ ನಿಂತಾಗ ನಮಗೊಂದು ಯೋಚನೆ ಬರುತ್ತದೆ: ಗುತ್ತಿನ ಮನೆಯೂ ಅರಮನೆಯೂ ಉಳಿದಾವು, ಸೋಗೆಯ ಕೊಪ್ಪವನ್ನು ಬಿಚ್ಚಿ ತಂದು ನಿಲ್ಲಿಸುವುದು ಹೇಗೆ? ಅದು ಉಳಿಯಬೇಕಾದರೆ ಅದರಲ್ಲಿ ಬಾಳುವವರು ಬಾಳುವಲ್ಲಿಯೇ ಉಳಿಯಬೇಕು.

ಹಾಗಾದರೆ ಏನು ಮಾಡೋಣ? ನಮಗೆ ದಾರಿ ತೋರಿದವರು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು. 1914ರಲ್ಲಿ ಭಾರತಕ್ಕೆ ಬಂದು, ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದವರು. ಅಂದಿನ ಇಂಜಿನಿಯರರಿಗೆ ಇಕ್ಕಟ್ಟಾದ ಕೇರಿ ಕಂಡರೆ ನಡುವೆ ನೇರ ರಸ್ತೆ ಎಳೆದು ಮನೆಗಳನ್ನೆಲ್ಲ ಕೆಡಹುವುದೇ ತಿಳಿದಿತ್ತು. ಗೆಡ್ಡಿಸ್ ಅವರು ಕೇರಿಯ ಪ್ರತಿ ಓಣಿಯನ್ನೂ ಕಾಲ್ನಡಿಗೆಯಲ್ಲಿ ಸುತ್ತಿ, ಬೀಳಲಿದ್ದ ನಾಲ್ಕಾರು ಮನೆಗಳನ್ನು ಮಾತ್ರ ತೆಗೆದು, ಅಲ್ಲಿ ಬಾವಿಕಟ್ಟೆಗೆ, ಒಂದು ಮರಕ್ಕೆ, ಮಕ್ಕಳ ಆಟಕ್ಕೆ ಬಯಲು ಬಿಟ್ಟರೆ ಸಾಕೆಂದು ನಕ್ಷೆ ಬರೆದು ತೋರಿಸಿದರು. ಖರ್ಚೂ ಅಲ್ಪ, ಒಕ್ಕಲೇಳುವವರೂ ಅಲ್ಪ. ಇಂದೋರಿನಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನಮ್ಮಂಥವರಿಗೆ ಬಹಳ ಹಿಡಿಸುವಂಥದು. ಊರಿಗೆ ಪ್ಲೇಗು ಬಡಿದಿತ್ತು. ಬರಲಿರುವ ದೀಪಾವಳಿಯ ಮೆರವಣಿಗೆ ಹಿಂದಿನಿಂದ ನಡೆದುಬಂದ ದಾರಿಯಲ್ಲಿ ಹೋಗುವುದಿಲ್ಲ, ಯಾವ ಕೇರಿಯವರು ತಮ್ಮ ಬೀದಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಗುಡಿಸಿ ಮನೆ ರಿಪೇರಿ ಮಾಡಿಕೊಳ್ಳುವರೋ ಅಲ್ಲಿಗೇ ಬರುತ್ತದೆ ಎಂದು ಸಾರಿಸಿದರು. ಗಾಡಿಗಟ್ಟಲೆ ಕಸ ತಾನಾಗಿ ಊರಿನಿಂದ ಹೊರಬಿತ್ತು.

ಧರ್ಮಶ್ರದ್ಧೆಯವರು ಕಟ್ಟಿದ ಕಾಲೋನಿಗೂ ಒಂದು ಪ್ರಸಿದ್ಧ ಉದಾಹರಣೆಯಿದೆ. ನಮ್ಮ ವಾದಕ್ಕೆ ವಿರುದ್ಧವಾದರೂ ಅದನ್ನು ಮುಚ್ಚಿಡುವುದಿಲ್ಲ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯಾಕೋಬ್ ಫುಗ್ಗರ್ ಎಂಬ ವ್ಯಾಪಾರಿಯು 1521ರಲ್ಲಿ ದುಡಿಯುವ ಬಡ ಕಥೋಲಿಕರಿಗಾಗಿ ಫುಗ್ಗರೈ ಎಂಬ ವಸತಿಯನ್ನು ಏರ್ಪಡಿಸಿದನು. ಐದು ಶತಮಾನಗಳಾದರೂ ಅದು ನಡೆಯುತ್ತಿದೆ. ವರ್ಷದ ಬಾಡಿಗೆ ಒಂದು ಯೂರೊಗಿಂತಲೂ ಕಡಿಮೆ. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ. ದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಬಂದವನು ತನ್ನ ಬಾಗಿಲನ್ನು ತಡವಿ ಗುರುತಿಸಲೆಂದು ಪ್ರತಿ ಮನೆಯ ಗಂಟೆಯ ಹಿಡಿಕೆಗೂ ಬೇರೆ ಬೇರೆ ಆಕಾರ ಕೊಟ್ಟಿದ್ದಾರೆ. ಬಡವನ ಬಾಗಿಲಿಗೂ ಅದರದೇ ಗುರುತಿರಬೇಕೆಂದು ಬಗೆದ ಆ ಸೂಕ್ಷ್ಮವನ್ನು ನಾವು ಮೆಚ್ಚುತ್ತೇವೆ. ಆದರೆ ಫುಗ್ಗರೈಗೆ ಗೋಡೆಯಿದೆ, ಹೆಬ್ಬಾಗಿಲಿದೆ, ರಾತ್ರಿ ಅದನ್ನು ಮುಚ್ಚುತ್ತಾರೆ. ಒಳಗೆ ಕಥೋಲಿಕರಿಗೆ ಮಾತ್ರ ಸ್ಥಳ. ಊರೆಲ್ಲ ಕ್ರೈಸ್ತರೇ ಆಗಿದ್ದಲ್ಲಿ ನಡೆದೀತು. ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಮನೆಗಳ ಕೊಡಪಾನಗಳು ಒಂದೇ ಬಾವಿಕಟ್ಟೆಗೆ ತಾಗುವ ನಮ್ಮ ಊರಿನಲ್ಲಿ ಇನ್ನೊಂದು ಪಾಗಾರ ಎಬ್ಬಿಸುವುದು ವಿವೇಕವಲ್ಲ. 1987ರಲ್ಲಿ, ವಸತಿಹೀನರ ಅಂತಾರಾಷ್ಟ್ರೀಯ ವರ್ಷದಲ್ಲಿ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವು ವಸತಿಯ ಬಗ್ಗೆ ಪ್ರಕಟಿಸಿದ ದಸ್ತಾವೇಜು ವಸತಿಯನ್ನು ಮನುಷ್ಯನ ಹಕ್ಕೆಂದು ಪರಿಗಣಿಸಿತು, ಕ್ರೈಸ್ತನ ಹಕ್ಕೆಂದಲ್ಲ.

ಆದುದರಿಂದ ನಮ್ಮ ಬೇಡಿಕೆ ಹೀಗಿದೆ. ಹತ್ತು ಹೊಸ ಮನೆಗಳ ಹಣದಲ್ಲಿ ನಲವತ್ತಾದರೂ ಹಳೆಯ ಮನೆಗಳನ್ನು, ಅವು ಇರುವಲ್ಲಿಯೇ, ರಿಪೇರಿ ಮಾಡಬಹುದು. ಒಂದೆಡೆ ಮಾಡಿಗೆ ಪಕಾಸು, ರೀಪು ಬದಲಿಸುವುದು, ಇನ್ನೊಂದೆಡೆ ಶೌಚಾಲಯ. ಇಕ್ಕಟ್ಟಾದಲ್ಲಿ ಒಂದು ಕೋಣೆ. ಕಾಲುದಾರಿ ಮಾತ್ರ ಇದ್ದಲ್ಲಿ ಆಂಬುಲೆನ್ಸು ಬರುವಷ್ಟು ಅಗಲದ ಮಾರ್ಗ. ಕೊನೆಯದಕ್ಕೆ ಹಣಕ್ಕಿಂತ ಪಾಗಾರವನ್ನು ನಾಲ್ಕಡಿ ಹಿಂದೆ ಸರಿಸಲು ಒಪ್ಪುವ ನೆರೆಯವರು ಬೇಕು. ಆ ನೆರೆಯವರಲ್ಲಿ ಹಲವರು ಈ ಸಭೆಯಲ್ಲಿದ್ದಾರೆ. ಮಳೆಗಾಲಕ್ಕೆ ಮೊದಲು ಮಾಡು ಹೊದಿಸುವ ಕೆಲಸವನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಸದ್ದಿಲ್ಲದೆ ಮಾಡುತ್ತ ಬಂದಿದ್ದಾರೆ. ಅವರ ಪುಸ್ತಕದಲ್ಲಿರುವ ಲೆಕ್ಕ ನಮ್ಮ ಯಾವ ಸಮೀಕ್ಷೆಗಿಂತಲೂ ನಂಬಲರ್ಹ. ಪಟ್ಟಿಯಲ್ಲಿ ನಮ್ಮವರ ಮನೆಯ ಪಕ್ಕದಲ್ಲಿರುವ ಅನ್ಯಧರ್ಮೀಯರ ಮನೆಯನ್ನೂ ಸೇರಿಸಬೇಕು. ಒಂದು ಮಾಡು ಸೋರದೆ ಪಕ್ಕದ್ದು ಸೋರಿದರೆ ಅದು ನೆರೆಹೊರೆಯಲ್ಲ. ಇನ್ನು ಹಕ್ಕುಪತ್ರ, ಡೋರ್ ನಂಬ್ರ, ಪಡಿತರ ಚೀಟಿಗಳ ಅರ್ಜಿ ಬರೆದುಕೊಡಲು ಇಗರ್ಜಿಯ ಹಳೆಯ ಶಾಲಾಕೋಣೆಯನ್ನು ಪ್ರತಿ ಶನಿವಾರ ಸಂಜೆ ತೆರೆದಿಡುತ್ತೇವೆ. ನಿವೃತ್ತ ಬ್ಯಾಂಕ್ ನೌಕರರು, ಅಧ್ಯಾಪಕರು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಅವರ ಕೈಬರಹ ಇನ್ನೂ ಚೆನ್ನಾಗಿದೆ.

ಗುಡ್ಡೆಯ ಜಾಗದ ಬಗ್ಗೆ ಅಂತಿಮ ತೀರ್ಮಾನ ಧರ್ಮಾಧ್ಯಕ್ಷರದು. ಕಾಲೋನಿಯ ನಕ್ಷೆಯ ಬದಲು ಈ ಪಟ್ಟಿಯೇ ಅವರ ಕೈ ಸೇರಲಿ ಎಂಬುದು ನಮ್ಮ ವಿನಂತಿ. ಗುರಿಕಾರರು ತಂತಮ್ಮ ವಾಳೆಯನ್ನು ಒಂದು ದಿನ ಕಾಲ್ನಡಿಗೆಯಲ್ಲಿ ಸುತ್ತಿ, ಸೋರುವ ಮನೆ ಎಷ್ಟು, ನಂಬ್ರವಿಲ್ಲದ ಮನೆ ಎಷ್ಟು, ಬೀಗ ಹಾಕಿದ ಮನೆ ಎಷ್ಟು ಎಂದು ಮೂರು ಕಲಮುಗಳಲ್ಲಿ ಬರೆದು, ಬರುವ ತಿಂಗಳ ಪಾಲನಾ ಮಂಡಳಿಯ ಸಭೆಗೆ ತರಬೇಕು. ಬೀಗದ ಮನೆಗಳ ಯಜಮಾನರಿಗೆ ನಾವೇ ಕಾಗದ ಬರೆಯುತ್ತೇವೆ. ಶತಮಾನೋತ್ಸವದ ಪರಮಪ್ರಸಾದದ ಮೆರವಣಿಗೆಯ ದಾರಿಯನ್ನು ಇನ್ನೂ ನಿಶ್ಚಯಿಸಿಲ್ಲ. ಹಿಂದಿನಂತೆ ಮುಖ್ಯರಸ್ತೆಯಲ್ಲಿ ಹೋಗಿ ಬರಬೇಕೆಂದು ಕೆಲವರು ಹೇಳಿದ್ದಾರೆ. ಪಟ್ಟಿಗಳು ಬರಲಿ, ಯಾವ ಓಣಿಯಲ್ಲಿ ಹೋಗಬೇಕೆಂದು ಅವುಗಳನ್ನು ನೋಡಿದ ಮೇಲೆ ಹೇಳುತ್ತೇವೆ.